ಪರದೆ ಸರಿದ ಕಣ್ಣಿಗೆ ಬೆಲ್ಟಾ, ಗ್ಯಾಸಾ, ವಿಟ್ರೆಕ್ಟಮಿನಾ? ಡಾಕ್ಟರಿಂದ ಡಾಕ್ಟರಿಗೆ ಮಾತು ಯಾಕ ಬದಲಾಗ್ತೈತಿ

2024ರ ಏಪ್ರಿಲ್ ಕೊನಿಗೆ ಲೋಕಸಭಾ ಚುನಾವಣಿ ಗದ್ದಲದೊಳಗ ಒಂದ ಸಣ್ಣ ಸುದ್ದಿ ಬಂದಿತ್ತು. ಆಗ ಆಮ್ ಆದ್ಮಿ ಪಕ್ಷದ ರಾಜ್ಯಸಭಾ ಸದಸ್ಯರಾಗಿದ್ದ ರಾಘವ್ ಚಡ್ಢಾ ಪ್ರಚಾರದಾಗ ಯಾಕ ಕಾಣವಲ್ರು ಅಂತ ಮಂದಿ ಕೇಳಾಕತ್ತಾಗ, ಅವರ ಕಣ್ಣಿಗೆ ತೊಂದರಿ ಆಗೈತಿ, ಬ್ರಿಟನ್‌ನಾಗ ಆಪರೇಶನ್ ಆಗೈತಿ, ತಡಾ ಆಗಿದ್ರ ಕಣ್ಣ ಹೋಗಬಹುದಿತ್ತು ಅಂತ ಪಕ್ಷದವರು ಹೇಳಿದ್ರು. ವಿಟ್ರೆಕ್ಟಮಿ, ಅಂದ್ರ ಕಣ್ಣೊಳಗಿನ ಲೋಳಿ ತಗಿಯೂ ಆಪರೇಶನ್, ಅನ್ನೂ ಶಬ್ದ ಪೇಪರ್ ಓದೂ ಬಹಳ ಮಂದಿಗೆ ಮೊದಲ ಸಲ ಕಂಡದ್ದು ಆವಾಗ.

ಅದಾದ ಮ್ಯಾಲ, ಕಣ್ಣಿನ ಹಿಂದಿನ ಪರದೆ (ರೆಟಿನಾ) ಬಿಟ್ರ ಯಾವ ಆಪರೇಶನ್ ಮಾಡಸಬೇಕು ಅನ್ನೂ ಗೊಂದಲ ಕಡಿಮಿ ಆಗೂ ಬದಲಿ ಹೆಚ್ಚಾಗೇತಿ. ಮೊಬೈಲ್‌ನ್ಯಾಗ ಒಂದ ವಿಡಿಯೋ ತಗದ್ರ 'ಗ್ಯಾಸಿನ ಒಂದ ಇಂಜೆಕ್ಷನ್ ಸಾಕು, ದೊಡ್ಡ ಆಪರೇಶನ್‌ಕಿಂತ ದೃಷ್ಟಿ ಚಲೋ ಬರ್ತೈತಿ' ಅಂತೈತಿ, ಇನ್ನೊಂದ ತಗದ್ರ 'ಗ್ಯಾಸ್ ಇಂಜೆಕ್ಷನ್ ಐದು ಮಂದ್ಯಾಗ ಒಬ್ಬರಿಗೆ ಫೇಲ್' ಅಂತೈತಿ. ಬಾಗಲಕೋಟಿಯ ಒಂದ ದವಾಖಾನ್ಯಾಗ ಕಣ್ಣಿನ ಗುಡ್ಡಿಗೆ ಬೆಲ್ಟ್ ಹಾಕಬೇಕು ಅಂತ ಕೇಳಿದವರು, ಹುಬ್ಬಳ್ಳಿಗೋ ಮೀರಜಿಗೋ ಹೋದ್ರ ಅಲ್ಲಿ ವಿಟ್ರೆಕ್ಟಮಿ ಮಾಡಿ ಎಣ್ಣಿ ಹಾಕ್ತೀವಿ ಅನ್ನೂದು ಕೇಳ್ತಾರ. ಆವಾಗ ಮನಿ ಮಂದಿಗೆ ಬರೂದು ಒಂದ ಸಂಶೇ, ಇವರೊಳಗ ಯಾರೋ ಒಬ್ರು ರೊಕ್ಕದ ಸಲುವಾಗಿ ಹೇಳಾಕತ್ತಾರ ಅಂತ. ಆ ಸಂಶೇದಾಗ ಮೂರನೇ ಡಾಕ್ಟರನ್ನ ಹುಡುಕ್ಕೊಂತ ನಾಕ ದಿನ ಹೋಗ್ತಾವ. ಕಣ್ಣಿಗೆ ಖರೇ ಪೆಟ್ಟ ಬೀಳೂದು ಆ ನಾಕ ದಿನದಾಗ.

ಮ್ಯಾಲ ಹೇಳಿದ ಎರಡೂ ವಿಡಿಯೋದ ಮಾತು ಖರೇನ ಐತಿ, ಎರಡೂ ಒಂದ ಅಧ್ಯಯನದಿಂದ ಬಂದಾವ. ಅದು ಹೆಂಗ ಅನ್ನೂದು ತಿಳೀಬೇಕಂದ್ರ ಮೊದಲ ಕಣ್ಣೊಳಗ ಏನಾಗ್ತೈತಿ ಅಂತ ನೋಡಬೇಕು.

ರೊಟ್ಟಿ ಉಬ್ಬಿದಂಗ ಪದರ ಬಿಡೂದು

ಕಣ್ಣಿನ ಹಿಂದಿನ ಗ್ವಾಡಿಗೆ ಒಳಗಿಂದ ಹಚ್ಚಿದಂಗ ಒಂದ ತೆಳು ಪದರ ಇರ್ತೈತಿ, ಅದು ರೆಟಿನಾ, ನಮ್ಮ ಕಡೆ ಪರದೆ ಅಂತಾರ. ಬಿದ್ದ ಬೆಳಕನ್ನ ಹಿಡಿದು ನರದ ಮೂಲಕ ಮಿದುಳಿಗೆ ಕಳಸೂದು ಇದರ ಕೆಲಸ. ಇದರ ಹಿಂದಕ ಇನ್ನೊಂದ ಕರಿ ಪದರ ಐತಿ, ಬೆಳಕ ಹಿಡಿಯೂ ಕೋಶಗಳಿಗೆ ಅನ್ನ ನೀರು ಆಕ್ಸಿಜನ್ ಎಲ್ಲಾ ಅಲ್ಲಿಂದ ಬರ್ತೈತಿ. ಹಂಚಿನ ಮ್ಯಾಲ ಜ್ವಾಳದ ರೊಟ್ಟಿ ಉಬ್ಬಿದಾಗ ನಡುವ ಉಗಿ ಹೊಕ್ಕು ಮ್ಯಾಲಿನ ಪದರ ಕೆಳಗಿನ ಪದರದಿಂದ ಬ್ಯಾರೆ ಆಗ್ತೈತಲ್ಲ, ಪರದೆ ಬಿಡೂದು ಅಂದ್ರ ಥೇಟ್ ಹಂಗ, ಆದ್ರ ಇಲ್ಲಿ ಹೊಗೂದು ಉಗಿ ಅಲ್ಲ, ನೀರು.

ಆ ನೀರು ಎಲ್ಲಿಂದ ಬರ್ತೈತಿ? ಕಣ್ಣಿನ ನಡುವ ತತ್ತಿಯ ಬಿಳಿ ಲೋಳಿಯಂಥ ವಿಟ್ರಿಯಸ್ ತುಂಬಿರ್ತೈತಿ, ಸುಮಾರು 4 ಮಿ.ಲೀ. ವಯಸ್ಸಾದಂಗ ಅದು ನೀರಾಗಿ ಕುಗ್ಗಿ ಪರದೆಯಿಂದ ಬಿಡಿಸ್ಕೊಂತೈತಿ. ಬಹಳ ಮಂದಿಗೆ ಇದರಿಂದ ಏನೂ ಆಗೂದಿಲ್ಲ. ಕೆಲವರಿಗೆ ಬಿಗಿಯಾಗಿ ಅಂಟಿದ್ದ ಜಾಗಾದಾಗ ಜಗ್ಗಿ ಪರದೆ ಚೂರ ಹರೀತೈತಿ, ಆ ಹರಕಿನಿಂದ ನೀರು ಹಿಂದಕ್ಕ ಇಳೀತೈತಿ, ಇಳಿದಷ್ಟೂ ಪದರ ಬಿಡ್ತಾ ಹೋಗ್ತೈತಿ. ಕೆನಾಲಿನ ಒಡ್ಡಿಗೆ ಸಣ್ಣ ಬಿಲ ಬಿದ್ರ ಮೊದಲ ದಿನ ಜಿನುಗತೈತಿ, ಮೂರನೇ ದಿನ ಒಡ್ಡ ಇರೂದಿಲ್ಲ, ಹಂಗ.

ಮೊದಲ ಗೊತ್ತಾಗೂದು ಕತ್ತಲಾಗ ಕಣ್ಣಿನ ಮೂಲ್ಯಾಗ ಮಿಂಚ ಹೊಡದಂಗ ಆಗೂದು, ಆಮ್ಯಾಲ ಒಮ್ಮಿಂದೊಮ್ಮೆಲೆ ಕರಿ ಚುಕ್ಕಿ, ನೊಣ ಹಾರಿದಂಗ, ಜ್ಯಾಡರ ಬಲಿ ತೇಲಿದಂಗ ಕಾಣೂದು, ಆಮ್ಯಾಲ ಒಂದ ಬದಿಯಿಂದ ಕರಿ ಪರದೆ ಎಳದಂಗ ನೆರಳು ಬರೂದು. ಚೂರೂ ನೋವ ಇರೂದಿಲ್ಲ. ನೋವಿಲ್ಲ ಅಂದ್ರ ನಮ್ಮ ಮಂದಿ ದವಾಖಾನಿಗೆ ಹೋಗೂದಿಲ್ಲ, ಇನ್ನೊಂದ ಕಣ್ಣ ಸರಿ ಇದ್ರ ವಾರಗಟ್ಟಲೆ ಗೊತ್ತೂ ಆಗೂದಿಲ್ಲ. ವರ್ಷಕ್ಕ ಸುಮಾರು 10,000 ಮಂದ್ಯಾಗ ಒಬ್ಬರಿಗೆ ಆಗೂ ತೊಂದರಿ ಇದು. ದಪ್ಪ ಮೈನಸ್ ಚಷ್ಮಾ ಇದ್ದವರಿಗೆ, ಮೋತಿಬಿಂದು ತಗಸ್ಕೊಂಡವರಿಗೆ, ಕಣ್ಣಿಗೆ ಪೆಟ್ಟ ಬಿದ್ದವರಿಗೆ, ಮನ್ಯಾಗ ಯಾರಿಗಾದ್ರೂ ಆಗಿದ್ರ ಅವರಿಗೆ ಸಂಭವ ಹೆಚ್ಚು.

ಮೂರೂ ಆಪರೇಶನ್ನಿನ ಬೇರು ಒಂದ

ನೂರು ವರ್ಷದ ಹಿಂದ ಪರದೆ ಬಿಟ್ಟಿತು ಅಂದ್ರ ಕಣ್ಣ ಹೋದಂಗ ಲೆಕ್ಕ. ಸ್ವಿಟ್ಜರ್ಲೆಂಡಿನ ಲೊಸಾನ್‌ದಾಗಿದ್ದ ಡಾಕ್ಟರ್ ಜೂಲ್ಸ್ ಗೊನಿನ್ ಅನ್ನವರು 1920ರ ಆಸುಪಾಸಿನ್ಯಾಗ ಒಂದ ಮಾತು ಹಿಡಿದು ಕುಂತ್ರು: ನೀರು ತಗದ್ರ ಉಪಯೋಗಿಲ್ಲ, ಹರಕ ಹುಡುಕಿ ಮುಚ್ಚಬೇಕು. ಮುಚ್ಚಿ ತೋರಿಸಿದ್ರು. ಇವತ್ತಿನ ಮೂರೂ ಪದ್ಧತಿ ಅದೇ ಕೆಲಸ ಮಾಡ್ತಾವ, ಹರಕಿನ ಸುತ್ತಲೂ ಲೇಸರ್ ಇಲ್ಲಾ ಅತೀ ತಂಪಿನ ಕ್ರಯೋ ಕೊಟ್ಟು ಗಾಯ ಮಾಡಿ, ಆ ಗಾಯ ಮಾಯುವಾಗ ಪರದೆ ಗ್ವಾಡಿಗೆ ಅಂಟೂ ಹಂಗ ಮಾಡೂದು. ಆದ್ರ ಅಂಟಾಕ ಒಂದ ವಾರ ಎರಡ ವಾರ ಬೇಕು, ಅಲ್ಲಿತನಕ ಪರದೆ ಮತ್ತ ಗ್ವಾಡಿ ಎರಡನ್ನೂ ಒತ್ತಿ ಹಿಡಿಯೂದು ಹೆಂಗ? ಹೊರಗಿಂದ ಗ್ವಾಡಿನ್ನ ಒಳಗ ತಳ್ಳೂದಾ, ಒಳಗಿಂದ ಪರದೆನ್ನ ಹೊರಗ ತಳ್ಳೂದಾ? ಜಗಳೆಲ್ಲಾ ಹುಟ್ಟೂದು ಈ ಒಂದ ಪ್ರಶ್ನೆಯೊಳಗ.

ಬೆಲ್ಟ್: ಹೊರಗಿಂದ ಬಿಗಿಯೂದು

ಸ್ಕ್ಲೀರಲ್ ಬಕ್ಲಿಂಗ್ ಅಂತ ಇದರ ಹೆಸರು, ಪೇಶಂಟ್ ಮಂದಿ ಬೆಲ್ಟ್ ಆಪರೇಶನ್ ಅಂತಾರ. 1950ರ ದಶಕದಾಗ ಬೋಸ್ಟನ್ನಿನ ಚಾರ್ಲ್ಸ್ ಸ್ಕೆಪೆನ್ಸ್ ಮುಂತಾದವರಿಂದ ಬೆಳದದ್ದು. ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಾ ಬಿಗದಂಗ ಕಣ್ಣಿನ ಗುಡ್ಡಿಯ ಹೊರಗ ಸಿಲಿಕಾನ್ ಪಟ್ಟಿ ಇಟ್ಟು ಹೊಲೀತಾರ, ಕೆಲವೊಮ್ಮೆ ಸುತ್ತಲೂ, ಕೆಲವೊಮ್ಮೆ ಹರಕ ಇದ್ದಷ್ಟ ಜಾಗಾಕ್ಕ. ಅಲ್ಲಿ ಗ್ವಾಡಿ ಒಳಗ ಒತ್ತಿ ಹೋಗಿ ಹರಕಿಗೆ ತಾಗತೈತಿ, ಜೊತಿಗೆ ಲೋಳಿ ಜಗ್ಗೂದೂ ಸಡಲ ಆಗ್ತೈತಿ.

ಇದರ ದೊಡ್ಡ ಗುಣ ಅಂದ್ರ ಕಣ್ಣಿನ ಒಳಗ ಹೆಚ್ಚ ಕೈ ಹಾಕೂದಿಲ್ಲ. ಸ್ವಂತ ಲೆನ್ಸ್ ಹಂಗ ಉಳೀತೈತಿ, ಮೋತಿಬಿಂದು ಬ್ಯಾಗ ಬರೂದಿಲ್ಲ. ಗ್ಯಾಸ್ ಹಾಕದ ಬರೇ ಬೆಲ್ಟ್ ಹಾಕಿದ್ರ ಡಬ್ಬ ಮಲಗೂ ಕಷ್ಟ ಇಲ್ಲ, ವಿಮಾನ ಹತ್ತಬಾರದು ಅನ್ನೂ ಕಟ್ಟಳಿ ಇಲ್ಲ. ಬೆಲ್ಟ್ ಸಾಮಾನ್ಯವಾಗಿ ಜೀವನಪೂರ್ತಿ ಹಂಗ ಇರ್ತೈತಿ, ಹೊರಗ ಕಾಣೂದಿಲ್ಲ.

ಕಷ್ಟಾನೂ ಅದಾವ. ಆಪರೇಶನ್ ಆದ ಮ್ಯಾಲ ನೋವು ಬಾವು ಉಳಿದವಕ್ಕಿಂತ ಹೆಚ್ಚು. ಸುತ್ತಲೂ ಬಿಗದ್ರ ಗುಡ್ಡಿ ಉದ್ದಾಗಿ ಮೈನಸ್ ನಂಬರ್ ಏರತೈತಿ, ಹಳೇ ಚಷ್ಮಾ ನಡಿಯೂದಿಲ್ಲ. ಕೆಲವರಿಗೆ ಒಂದ ವಸ್ತು ಎರಡಾಗಿ ಕಾಣತೈತಿ, ಯಾಕಂದ್ರ ಕಣ್ಣ ತಿರುಗಿಸೂ ಸ್ನಾಯುವಿನ ಕೆಳಗ ಪಟ್ಟಿ ಹಾದು ಹೋಗಿರ್ತೈತಿ. ಅಪರೂಪಕ್ಕ ವರ್ಷಗಳಾದ ಮ್ಯಾಲ ಬೆಲ್ಟಿಗೆ ನಂಜಾಗಿ ತಗೀಬೇಕಾಗ್ತೈತಿ.

ಗ್ಯಾಸ್ ಇಂಜೆಕ್ಷನ್: ಗುಳ್ಳಿ ಮ್ಯಾಲ ಏರೂ ಲೆಕ್ಕ

ನ್ಯುಮ್ಯಾಟಿಕ್ ರೆಟಿನೋಪೆಕ್ಸಿ. ಅಮೆರಿಕದ ಹಿಲ್ಟನ್ ಮತ್ತ ಗ್ರಿಜಾರ್ಡ್ ಅನ್ನೂ ಇಬ್ಬರು ಡಾಕ್ಟರು 1986ರಲ್ಲಿ ಇದನ್ನ ಮುಂದ ತಂದ್ರು. ಕಣ್ಣಿಗೆ ಮರಗಟ್ಟಿಸಿ, ಸಣ್ಣ ಸೂಜಿಯಿಂದ ಅರ್ಧ ಮಿ.ಲೀ. ಆಸುಪಾಸು ಗ್ಯಾಸ್ ಒಳಗ ಬಿಡ್ತಾರ. ಆ ಗ್ಯಾಸ್ ಒಳಗ ಹೋಗಿ ಹಿಗ್ಗತೈತಿ, ಎಸ್‌ಎಫ್6 ಅನ್ನೂದು ಸುಮಾರು ಎರಡ ಪಟ್ಟು, ಸಿ3ಎಫ್8 ಅನ್ನೂದು ನಾಕ ಪಟ್ಟು.

ಗೌಂಡಿಯವರ ಕೈಯಾಗಿನ ಲೆವೆಲ್ ನೋಡಿರ್ತೀರಿ, ಹೆಂಗ ತಿರುವಿದ್ರೂ ಒಳಗಿನ ಗುಳ್ಳಿ ಮ್ಯಾಲಿನ ಬದಿಗೇ ಹೋಗ್ತೈತಿ. ಕಣ್ಣಾಗಿನ ಗುಳ್ಳೀನೂ ಹಂಗ. ಹರಕ ಯಾವ ಬದಿಗೆ ಐತಿ ಆ ಬದಿ ಮ್ಯಾಲ ಬರೂ ಹಂಗ ತಲಿ ಹಿಡಿದ್ರ ಗುಳ್ಳಿ ಹೋಗಿ ಹರಕಿಗೆ ಬಿರಡಿ ಹಾಕಿದಂಗ ಕುಂಡ್ರತೈತಿ. ಹೊಸಾ ನೀರು ಹೊಗೂದು ಬಂದ್ ಆಗ್ತೈತಿ, ಹಿಂದ ಮೊದಲ ಹೊಕ್ಕಿದ್ದ ನೀರನ್ನ ಕರಿ ಪದರ ತಾನ ಹೀರ್ಕೊಂತೈತಿ, ಒಂದೆರಡ ದಿನದಾಗ ಪರದೆ ಗ್ವಾಡಿಗೆ ಕೂಡತೈತಿ. ಕತ್ತರಿ ಇಲ್ಲ, ಹೊಲಿಗಿ ಇಲ್ಲ, ಆಪರೇಶನ್ ಥಿಯೇಟರಿನ ದೊಡ್ಡ ಮಶೀನೂ ಬೇಕಿಲ್ಲ, ಖರ್ಚೂ ಮೂರರೊಳಗ ಕಡಿಮಿ.

ಈಗ ಇದರ ಇನ್ನೊಂದ ಮಗ್ಗಲು ನೋಡ್ರಿ. ಹರಕ ಕಣ್ಣಿನ ಕೆಳಗಿನ ಭಾಗದಾಗ ಇದ್ರ ಗುಳ್ಳಿ ಅಲ್ಲಿಗೆ ಹೋಗಬೇಕಂದ್ರ ತಲಿ ಕೆಳಗ ಮಾಡಿ ದಿನಗಟ್ಟಲೆ ಇರಬೇಕಾಗ್ತೈತಿ, ಅದು ಆಗೂ ಮಾತಲ್ಲ. ಅದಕ್ಕ ಹರಕ ಮ್ಯಾಲಿನ ಭಾಗದಾಗ ಇರಬೇಕು, ಒಂದ ಇರಬೇಕು ಇಲ್ಲಾ ಒಂದರ ಮಗ್ಗಲಕ ಒಂದ ಇರಬೇಕು, ಪರದೆ ಸುಕ್ಕಗಟ್ಟಿ ಬಿರಸ ಆಗಿರಬಾರದು, ಒಳಗ ರಕ್ತ ತುಂಬಿ ಮಬ್ಬಾಗಿರಬಾರದು. ಇಷ್ಟೆಲ್ಲಾ ಕೂಡಿ ಬಂದ ಪೇಶಂಟಿಗೆ ಮಾತ್ರ ಇದು. ಮ್ಯಾಲ ಹೇಳಿದ ಭಂಗಿಯೊಳಗ ಐದಾರು ದಿನ ದಿನದ ಬಹಳ ಹೊತ್ತು ತಲಿ ಹಿಡೀಬೇಕು. ಕುತ್ತಿಗಿ ನೋವಿದ್ದವರಿಗೆ, ಬೆನ್ನ ಬಾಗಿದ ಮುದುಕರಿಗೆ, ಹೇಳಿದ್ದು ತಿಳಿಯದ ಸಣ್ಣ ಹುಡುಗರಿಗೆ ಇದು ಆಗಿ ಬರೂದಿಲ್ಲ.

ವಿಟ್ರೆಕ್ಟಮಿ: ಲೋಳೀನ ತಗದು ಹಾಕೂದು

1970ರ ಸುಮಾರಿಗೆ ಮಯಾಮಿಯ ರಾಬರ್ಟ್ ಮ್ಯಾಕೆಮರ್ ಶುರು ಮಾಡಿದ್ದು. ಕರಿ ಗುಡ್ಡಿಯ ಅಂಚಿನಿಂದ ಮೂರೂವರೆ ನಾಕ ಮಿ.ಮೀ. ಹಿಂದ ಬಿಳಿ ಭಾಗದಾಗ ಮೂರು ಸಣ್ಣ ತೂತು ಹಾಕ್ತಾರ, ಈಗಿನ ತೂತು ಅರ್ಧ ಮಿ.ಮೀ. ಅಷ್ಟ ಅಗಲ. ಒಂದರಾಗಿಂದ ಕಣ್ಣ ಚಪ್ಪಟಿ ಆಗದಂಗ ಸಲೈನ್ ಹೋಗ್ತಿರ್ತೈತಿ, ಇನ್ನೊಂದರಾಗ ಬೆಳಕಿನ ಕಡ್ಡಿ, ಮತ್ತೊಂದರಾಗ ನಿಮಿಷಕ್ಕ ಸಾವಿರಾರು ಸಲ ಕತ್ತರಿಸೂ ಕಟರ್. ಪರದೆನ್ನ ಜಗ್ಗೂ ಲೋಳಿನ್ನ ಕತ್ತರಿಸಿ ಹೀರಿ ತಗೀತಾರ, ಹಿಂದಿನ ನೀರನ್ನೂ ಹೀರಿ ಗಾಳಿ ತುಂಬ್ತಾರ, ಪರದೆ ಗ್ವಾಡಿಗೆ ಕೂತ ಮ್ಯಾಲ ಹರಕಿನ ಸುತ್ತ ಲೇಸರ್ ಹೊಡೀತಾರ, ಕೊನಿಗೆ ಗ್ಯಾಸ್ ಇಲ್ಲಾ ಸಿಲಿಕಾನ್ ಎಣ್ಣಿ ತುಂಬಿ ಕಳಸ್ತಾರ.

ಇದರ ಬಲ ಅಂದ್ರ ಎಂಥಾ ಹದಗೆಟ್ಟ ಕಣ್ಣಿನ್ಯಾಗೂ ಕೆಲಸ ಮಾಡ್ತೈತಿ. ರಕ್ತ ತುಂಬಿದ್ರೂ, ಹರಕ ನಾಕಾರು ಕಡೆ ಇದ್ರೂ, ಪರದೆ ಮುದುಡಿ ಬಿರಸ ಆಗಿದ್ರೂ ಡಾಕ್ಟರು ಒಳಗ ಕಣ್ಣಾರೆ ನೋಡಿ ಬಿಡಿಸಿ ಕುಂಡ್ರಸ್ತಾರ. ಅದಕ್ಕ ಇವತ್ತು ಜಗತ್ತಿನ ಬಹಳ ಕಡೆ ಇದೇ ಹೆಚ್ಚ ನಡೀತೈತಿ.

ಬೆಲೀನೂ ಐತಿ. ಸ್ವಂತ ಲೆನ್ಸ್ ಇದ್ದ ಐವತ್ತು ದಾಟಿದವರಿಗೆ ವರ್ಷ ಎರಡ ವರ್ಷದಾಗ ಮೋತಿಬಿಂದು ಬಹುತೇಕ ಬಂದ ಬರ್ತೈತಿ, ಅಂದ್ರ ಇನ್ನೊಂದ ಆಪರೇಶನ್. ಎಣ್ಣಿ ಹಾಕಿದ್ರ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೆ ಅದನ್ನ ತಗಿಯಾಕ ಮತ್ತೊಂದ. ಇದು ಮೊದಲ ಗೊತ್ತಿಲ್ಲದ, ಕಣ್ಣ ಆರಾಮ ಆತು ಅಂತ ಎಣ್ಣಿ ತಗಸಾಕ ಬರದ ಇದ್ದು ಬಿಟ್ರ, ಬಹಳ ದಿನ ಉಳಿದ ಎಣ್ಣಿ ಸಣ್ಣ ಸಣ್ಣ ಹನಿ ಆಗಿ ಒಡದು ಕಣ್ಣಿನ ಒತ್ತಡ ಏರಸ್ತೈತಿ, ಕಾಚಬಿಂದು ಆಗ್ತೈತಿ, ಮುಂದಿನ ಪಾರದರ್ಶಕ ಪದರಾನೂ ಮಬ್ಬಾಗ್ತೈತಿ. ಪರದೆ ಉಳಿದ್ರೂ ಕಣ್ಣ ಹೋದಂಗ. ಎಣ್ಣಿ ಹಾಕಿದ ದಿನಾನ ತಗಿಯೂ ತಿಂಗಳು ಯಾವುದು ಅಂತ ಡಿಸ್ಚಾರ್ಜ್ ಚೀಟಿ ಮ್ಯಾಲ ಬರಸ್ಕೊಂಡು ಬರ್ರಿ.

ಒಂದ ಅಧ್ಯಯನ, ಎರಡ ವಿಡಿಯೋ

ಈಗ ಅಂಕಿಗೆ ಬರೂಣು. ಕೆನಡಾದ ಟೊರೊಂಟೊದಾಗ ನಡೆದು 2019ರಲ್ಲಿ ಪ್ರಕಟ ಆದ ಪಿವೊಟ್ ಅನ್ನೂ ಅಧ್ಯಯನ ಈ ಚರ್ಚೆಗೆ ಕಿಚ್ಚ ಹಚ್ಚಿದ್ದು. 176 ಪೇಶಂಟ್ ಮಂದಿನ್ನ ಚೀಟಿ ಎತ್ತಿದಂಗ ಎರಡ ಗುಂಪು ಮಾಡಿ, ಒಂದಕ್ಕ ಗ್ಯಾಸ್ ಇಂಜೆಕ್ಷನ್, ಇನ್ನೊಂದಕ್ಕ ವಿಟ್ರೆಕ್ಟಮಿ ಮಾಡಿದ್ರು. ಒಂದ ವರ್ಷ ಆದ ಮ್ಯಾಲ ನೋಡಿದ್ರ, ಮೊದಲನೇ ಪ್ರಯತ್ನಕ್ಕ ಪರದೆ ಕೂಡಿದ್ದು ಗ್ಯಾಸಿನ್ಯಾಗ 80.8%, ವಿಟ್ರೆಕ್ಟಮಿಯಾಗ 93.2%. ಇದನ್ನ ಹಿಡ್ಕೊಂಡವರು 'ಐದರಾಗ ಒಂದ ಫೇಲ್' ಅಂದ್ರು. ಆದ್ರ ಬೋರ್ಡ್ ಮ್ಯಾಲಿನ ಅಕ್ಷರ ಓದಸಿದಾಗ ಗ್ಯಾಸ್ ಗುಂಪಿನವರು ಸರಾಸರಿ 4.9 ಅಕ್ಷರ ಹೆಚ್ಚ ಓದಿದ್ರು, ಗೆರಿ ಸೊಟ್ಟ ಕಾಣೂ ತೊಂದರೀನೂ ಅವರಿಗೆ ಕಡಿಮಿ ಇತ್ತು. ಸ್ವಂತ ಲೆನ್ಸ್ ಇದ್ದವರೊಳಗ ವರ್ಷದೊಳಗ ಮೋತಿಬಿಂದು ಆಪರೇಶನ್ ಬೇಕಾದದ್ದು ವಿಟ್ರೆಕ್ಟಮಿ ಗುಂಪಿನ್ಯಾಗ 65%, ಗ್ಯಾಸಿನ್ಯಾಗ 16%. ಇದನ್ನ ಹಿಡ್ಕೊಂಡವರು 'ದೃಷ್ಟಿ ಚಲೋ ಬರ್ತೈತಿ' ಅಂದ್ರು.

ಮೊದಲ ಸಲ ಫೇಲ್ ಆದವರಿಗೆ ಇನ್ನೊಂದ ಆಪರೇಶನ್ ಮಾಡಿ, ಕೊನಿಗೆ ಎಷ್ಟ ಮಂದಿಗೆ ಪರದೆ ಕೂಡಿತು ಅಂತ ನೋಡಿದ್ರ ಎರಡೂ ಗುಂಪಿನ್ಯಾಗ 98% ಮ್ಯಾಲ. ಅಂದ್ರ ಒಂದೇ ಸಲಕ್ಕ ಕೆಲಸ ಮುಗಿಯೂದು ಒಂದ ಅಳತಿ, ಮುಗಿದ ಮ್ಯಾಲ ಕಣ್ಣ ಎಷ್ಟ ಚಲೋ ಕಾಣತೈತಿ ಅನ್ನೂದು ಬ್ಯಾರೆ ಅಳತಿ. ಎರಡನ್ನೂ ಕಲಸಿದ್ರ ತಲಿ ಕೆಡತೈತಿ. ಇನ್ನೊಂದ ಮುಖ್ಯ ಮಾತು, ಈ ಅಧ್ಯಯನಕ್ಕ ಗ್ಯಾಸ್ ನಡಿಯೂವಂಥ ಹರಕ ಇದ್ದ ಪೇಶಂಟ್ ಮಂದಿನ್ನ ಮಾತ್ರ ಆರಿಸ್ಕೊಂಡಿದ್ರು. ಕೆಳಗಿನ ಹರಕ, ಮುದುಡಿದ ಪರದೆ ಇದ್ದವರಿಗೆ ಈ ಅಂಕಿ ಹಚ್ಚಾಕ ಬರೂದಿಲ್ಲ.

ಬೆಲ್ಟಿನ ಕಥಿ ಇದಕ್ಕಿಂತ ಹಳೇದು. ಯುರೋಪಿನ 5 ದೇಶದ 25 ಕೇಂದ್ರದಾಗ ಬೆಲ್ಟಿಗೂ ವಿಟ್ರೆಕ್ಟಮಿಗೂ ಹೋಲಿಕಿ ಮಾಡಿ 2007ರಲ್ಲಿ ಪ್ರಕಟಿಸಿದ್ರು. ಅದರ ಜಾಣತನ ಅಂದ್ರ ಸ್ವಂತ ಲೆನ್ಸ್ ಇದ್ದವರನ್ನ, ಮೋತಿಬಿಂದು ತಗದು ಲೆನ್ಸ್ ಕೂಡಿಸ್ಕೊಂಡವರನ್ನ ಬ್ಯಾರೆ ಬ್ಯಾರೆ ನೋಡಿದ್ರು. ಸ್ವಂತ ಲೆನ್ಸ್ ಇದ್ದವರಿಗೆ ಮೊದಲ ಸಲ ಪರದೆ ಕೂಡೂದು ಎರಡರಾಗೂ ಸಮ ಬಂತು, 63% ಚಿಲ್ಲರೆ, ಆದ್ರ ದೃಷ್ಟಿ ಬೆಲ್ಟಿನವರಿಗೆ ಚಲೋ ಇತ್ತು. ಲೆನ್ಸ್ ಕೂಡಿಸ್ಕೊಂಡವರಿಗೆ ಬೆಲ್ಟ್ 53.4%, ವಿಟ್ರೆಕ್ಟಮಿ 72%. ಅಮೆರಿಕದ ಹಲವು ರೆಟಿನಾ ಕೇಂದ್ರದಾಗ 2015ರಲ್ಲಿ ಆದ ಆಪರೇಶನ್ ದಾಖಲಿ ತಿರುವಿ ನೋಡಿ 2020ರಲ್ಲಿ ಬರದದ್ದೂ ಹಂಗ ಹೇಳ್ತೈತಿ, ಸ್ವಂತ ಲೆನ್ಸಿನ ಮಧ್ಯಮ ತರದ ಕೇಸಿನ್ಯಾಗ ಬೆಲ್ಟಿಗೆ 91.7%, ಬರೇ ವಿಟ್ರೆಕ್ಟಮಿಗೆ 83.1%. ಯುರೋಪಿನ ಅಂಕಿ ಕಡಿಮಿ ಕಾಣೂದಕ್ಕ ಅಂಜಬ್ಯಾಡ್ರಿ, ಅವರು ಆರಿಸ್ಕೊಂಡ ಕೇಸೂ ತ್ರಾಸಿನವು, ಯಶಸ್ಸು ಅನ್ನಾಕ ಇಟ್ಟ ಅಳತೀನೂ ಬಿಗಿ. ಒಂದ ಅಧ್ಯಯನದ ಅಂಕಿನ್ನ ಇನ್ನೊಂದರ ಅಂಕಿ ಮಗ್ಗಲಕ ಇಟ್ಟು ತೂಗಬಾರದು.

ಹಂಗಾದ್ರ ಡಾಕ್ಟರಿಂದ ಡಾಕ್ಟರಿಗೆ ಮಾತು ಬದಲಾಗೂದು ಯಾಕ

ಇಪ್ಪತ್ತೆರಡು ವರ್ಷದ ಹುಡುಗ, ಮೈನಸ್ 8 ಚಷ್ಮಾ, ಲೋಳಿ ಇನ್ನೂ ಗಟ್ಟಿ ಐತಿ, ಕೆಳಗಿನ ಭಾಗದಾಗ ಸಣ್ಣ ತೂತು ಅಂತ ಇಟ್ಕೊಳ್ರಿ. ಇವನಿಗೆ ಬೆಲ್ಟ್ ಹೇಳಿ ಮಾಡಿಸಿದಂಗ, ಯಾಕಂದ್ರ ಗಟ್ಟಿ ಲೋಳಿನ್ನ ಪರದೆಯಿಂದ ಬಿಡಸೂದು ಕಷ್ಟ, ಬಿಡಸಾಕ ಹೋದ್ರ ಹೊಸಾ ಹರಕ ಬೀಳಬಹುದು, ಇಪ್ಪತ್ತೈದಕ್ಕ ಮೋತಿಬಿಂದು ತರಸ್ಕೊಳ್ಳೂದೂ ತಪ್ಪತೈತಿ. ಅದೇ ಅರವತ್ತೈದರ ಅಜ್ಜಾ, ಮೋತಿಬಿಂದು ತಗಸಿ ಎರಡ ವರ್ಷ ಆಗೇತಿ, ಹರಕ ಎಲ್ಲೈತಿ ಅಂತ ಸರಿ ಕಾಣವಲ್ದು, ಇವರಿಗೆ ವಿಟ್ರೆಕ್ಟಮಿ. ಐವತ್ತೈದರ ಟೀಚರಮ್ಮ, ಮ್ಯಾಲಿನ ಭಾಗದಾಗ ಒಂದ ಹರಕ, ನಿನ್ನೆ ನೆರಳು ಕಂಡು ಇವತ್ತ ಬಂದಾರ, ಮನಿ ದವಾಖಾನಿ ಮಗ್ಗಲಕ ಐತಿ, ಇವರಿಗೆ ಗ್ಯಾಸ್ ಇಂಜೆಕ್ಷನ್ ಬಗ್ಗೆ ಕೇಳದ ಇರೂದು ತಪ್ಪ ಆಗ್ತೈತಿ.

ಡಾಕ್ಟರ್ ಕೈ ಯಾವುದಕ್ಕ ಪಳಗೇತಿ ಅನ್ನೂದೂ ಐತಿ. ಬೆಲ್ಟ್ ಹಾಕೂದು ಕಡಿಮಿ ಆದಂಗ ಹೊಸಾ ಡಾಕ್ಟರಿಗೆ ಅದನ್ನ ಕಲಿಯೂ ಅವಕಾಶಾನೂ ಕಡಿಮಿ ಆಗಾಕತ್ತೈತಿ. ಇದು ಮುಂದ ಕಾಡೂ ಸಂಗತಿ, ಹರೇದ ಮಂದಿಗೆ ಚಲೋ ಆಗೂ ಒಂದ ಕೆಲಸ ಕೈಯಿಂದ ಕೈಗೆ ದಾಟದ ನಿಂತ್ರ, ಅವರಿಗೆಲ್ಲಾ ವಿಟ್ರೆಕ್ಟಮಿನ ಗತಿ ಆಗ್ತೈತಿ. ಅದಕ್ಕ ಮನ್ಯಾಗ ಹರೇದವರಿಗೆ ಹಿಂಗಾದ್ರ 'ಬೆಲ್ಟ್ ಯಾಕ ಬ್ಯಾಡ?' ಅಂತ ನೇರ ಕೇಳ್ರಿ. ಕೇಳಿದ್ರ ಯಾವ ಡಾಕ್ಟರೂ ಸಿಟ್ಟ ಆಗೂದಿಲ್ಲ, ಆಗಬಾರದು.

ಇಂಡಿ, ಹುನಗುಂದ, ಅಥಣಿಯಿಂದ ಹೊರಟವರ ಲೆಕ್ಕ ಬ್ಯಾರೆ

ಟೊರೊಂಟೊದ ಅಂಕಿ ಇಲ್ಲಿಗೆ ತಂದು ಹಚ್ಚುವಾಗ ಒಂದ ವಿಷಯ ಮರೀಬಾರದು. ಗ್ಯಾಸ್ ಹಾಕಿದ ಮ್ಯಾಲ ಮರುದಿನ, ಆಮ್ಯಾಲ ಎರಡ ಮೂರು ದಿನಕ್ಕೊಮ್ಮೆ ಪರದೆ ಕೂಡಾಕತ್ತೈತಾ, ಹೊಸಾ ಹರಕ ಬಿದ್ದೈತಾ ಅಂತ ನೋಡಬೇಕು. ಫೇಲ್ ಆದ ಐದರಾಗಿನ ಒಬ್ಬರಿಗೆ ಕೊನಿಗೆ ಕಣ್ಣ ಉಳಿದದ್ದು ಬೆನ್ನ ಹತ್ತಿ ನೋಡಿ ಲಗೂನ ಇನ್ನೊಂದ ಆಪರೇಶನ್ ಮಾಡಿದ್ದಕ್ಕ. ಇಂಡಿ ತಾಲೂಕಿನ ಹಳ್ಳಿಯಿಂದ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಬಸ್ ಬದಲಿ ಮಾಡ್ಕೊಂತ ಹೋಗೂ ಪೇಶಂಟ್ ಮೂರು ಸಲ ಹೋಗಿ ನಾಕನೇ ಸಲ ಕಬ್ಬ ಕಡಿಯೂ ಗ್ಯಾಂಗ್ ಬಂದೈತಿ ಅಂತ ಉಳಿದ್ರ ಆ 98% ಅನ್ನೂದು ಅವರ ಪಾಲಿಗಿಲ್ಲ. ಹಿಂಗಾಗಿ ನಮ್ಮ ಕಡೆ ಡಾಕ್ಟರು ಒಂದೇ ಸಲಕ್ಕ ಗಟ್ಟಿ ಆಗೂದನ್ನ ಆರಿಸಿದ್ರ ಅದು ರೊಕ್ಕದ ಆಸೆ ಅಂತ ತಿಳೀಬ್ಯಾಡ್ರಿ, ಬಹಳ ಸಲ ಬಸ್ಸಿನ ಲೆಕ್ಕ ಆಗಿರ್ತೈತಿ. ಊರಿಗೆ ಹೋಗದ ಒಂದ ಹತ್ತ ದಿನ ದವಾಖಾನಿ ಸಮೀಪ ಬೀಗರ ಮನ್ಯಾಗ ಉಳೀತೀವಿ ಅಂತ ಮೊದಲ ಹೇಳಿದ್ರ ಡಾಕ್ಟರಿನ ಸಲಹೇನೂ ಬದಲಾಗಬಹುದು.

ಇನ್ನೊಂದ ಸಂಗತಿ ಇಲ್ಲಿಯ ಭೂಮಿಗೇ ಸಂಬಂಧಪಟ್ಟದ್ದು. ಕಣ್ಣಾಗ ಗ್ಯಾಸ್ ಇದ್ದಾಗ ಎತ್ತರಕ್ಕ ಏರಬಾರದು. ಎತ್ತರಕ್ಕ ಹೋದಂಗ ಹೊರಗಿನ ಗಾಳಿ ಒತ್ತಡ ಇಳೀತೈತಿ, ಒಳಗಿನ ಗ್ಯಾಸ್ ಹಿಗ್ಗಾಕ ನೋಡ್ತೈತಿ, ಕಣ್ಣಿನ ಗುಡ್ಡಿ ಹಿಗ್ಗೂದಿಲ್ಲ, ಅದಕ್ಕ ಒಳಗಿನ ಒತ್ತಡ ಏರಿ ಪರದೆಗೆ ರಕ್ತ ಒಯ್ಯೂ ನಾಳಾನ ಒತ್ತಿ ಮುಚ್ಚಬಹುದು. ವಿಮಾನದೊಳಗಿನ ಒತ್ತಡ ಎರಡ ಸಾವಿರ ಮೀಟರ್ ಆಸುಪಾಸಿನ ಗುಡ್ಡದ ಮ್ಯಾಲ ಇದ್ದಂಗ ಇರ್ತೈತಿ, ಸಮುದ್ರಮಟ್ಟದಿಂದ ಹೊರಟ್ರ ಗ್ಯಾಸ್ ಕಾಲು ಭಾಗದಿಂದ ಮೂರನೇ ಒಂದ ಭಾಗದ ತನಕ ಹಿಗ್ಗೂವಷ್ಟ ವ್ಯತ್ಯಾಸ. ಬೆಂಗಳೂರಾಗ ಆಪರೇಶನ್ ಮಾಡಸ್ಕೊಂಡು ವಿಮಾನದಾಗ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕ ಇಳಿಯೂ ವಿಚಾರ ಇದ್ದವರು ಅದನ್ನ ಪೂರಾ ಬಿಡ್ರಿ, ರೈಲಿಗೆ ಬರ್ರಿ. ವಿಮಾನದ ಮಾತು ಎಲ್ಲಾ ಡಾಕ್ಟರು ಹೇಳ್ತಾರ, ಘಾಟಿನ ಮಾತು ಮರೀತೈತಿ. ಗೋವಾದಾಗ ಆಪರೇಶನ್ ಆಗಿ ಚೋರ್ಲಾ ಘಾಟ್ ಏರಿ ಬೆಳಗಾವಿಗೆ ಬಂದ್ರ ಸಮುದ್ರಮಟ್ಟದಿಂದ ಏಳುನೂರು ಮೀಟರ್ ಮ್ಯಾಲ ಏರಿದಂಗ, ಗ್ಯಾಸ್ ಸುಮಾರು 8-9% ಹಿಗ್ಗಾಕ ನೋಡ್ತೈತಿ. ಗುಳ್ಳಿ ಸಣ್ಣದಿದ್ರ ತಡಕೋಬಹುದು, ಕಣ್ಣ ತುಂಬ ಗ್ಯಾಸ್ ಇದ್ರ ಅಪಾಯ. ಯಾವ ಊರಿಗೆ, ಯಾವ ದಾರ್‍ಯಾಗ ಹೋಗ್ತೀವಿ ಅಂತ ಡಾಕ್ಟರಿಗೆ ಹೇಳಿನ ಹೊರಡ್ರಿ. ವಿಜಯಪುರ ಬಾಗಲಕೋಟಿಯವರು ಹುಬ್ಬಳ್ಳಿಗೆ ಹೋಗಿ ಬರೂದರಾಗ ಈ ಚಿಂತಿ ಇಲ್ಲ, ಎತ್ತರದ ಫರಕ್ ಬಹಳಿಲ್ಲ.

ಎಸ್‌ಎಫ್6 ಕರಗಾಕ ಎರಡ ವಾರ, ಸಿ3ಎಫ್8 ಕರಗಾಕ ಆರರಿಂದ ಎಂಟ ವಾರ ಬೇಕು. ಅಷ್ಟರೊಳಗ ಹಲ್ಲಿಗೋ ಹೊಟ್ಟಿಗೋ ಬ್ಯಾರೆ ಆಪರೇಶನ್ ಬಂದ್ರ 'ಕಣ್ಣಾಗ ಗ್ಯಾಸ್ ಐತಿ' ಅಂತ ಮೊದಲ ಹೇಳ್ರಿ, ಅರವಳಿಕಿಗೆ ಕೊಡೂ ನೈಟ್ರಸ್ ಆಕ್ಸೈಡ್ ಆ ಗುಳ್ಳಿಯೊಳಗ ಹೊಕ್ಕು ಹಿಗ್ಗಸ್ತೈತಿ. ಕೆಲವು ಕಡೆ ಇದಕ್ಕಂತ ಕೈಗೆ ಪಟ್ಟಿ ಕಟ್ಟಿ ಕಳಸ್ತಾರ, ಗ್ಯಾಸ್ ಹೋಗೂತನಕ ಬಿಚ್ಚಬಾರದು.

ಶುಗರ್ ಇದ್ದವರ ಪರದೆ ಬ್ಯಾರೆ ತರದ್ದು

ಇಷ್ಟೊತ್ತು ಹೇಳಿದ್ದು ಹರಕ ಬಿದ್ದು ಬಿಡೂ ಪರದೆ. ಸಕ್ಕರಿ ಕಾಯಿಲೆ ಬಹಳ ವರ್ಷ ಇದ್ದವರಿಗೆ ಪರದೆ ಮ್ಯಾಲ ಕೆಟ್ಟ ರಕ್ತನಾಳ ಹುಟ್ಟಿ, ಅದರ ಜೊತಿಗೆ ಬೆಳೆದ ಬಿಗಿ ಪೊರೆ ಪರದೆನ್ನ ಜಗ್ಗಿ ಎತ್ತತೈತಿ. ಇಲ್ಲಿ ಮೊದಲಿಗೆ ಹರಕಾನ ಇರೂದಿಲ್ಲ. ಜಗ್ಗೂದನ್ನ ಕತ್ತರಿಸದ ಬಿಡೂದಿಲ್ಲ ಅದು, ಅದಕ್ಕ ವಿಟ್ರೆಕ್ಟಮಿ ಬಿಟ್ಟು ಬ್ಯಾರೆ ದಾರಿ ಇಲ್ಲ. 'ನಮ್ಮ ಕಾಕಾಗ ಗ್ಯಾಸಿನ್ಯಾಗ ಆರಾಮ ಆತು, ನಮಗ್ಯಾಕ ದೊಡ್ಡ ಆಪರೇಶನ್' ಅಂತ ಕೇಳೂ ಮುಂಚೆ ಎರಡೂ ಒಂದ ರೋಗ ಹೌದಾ ಅಂತ ಕೇಳ್ರಿ.

ಆಪರೇಶನ್ ಯಾವುದು ಅನ್ನೂದಕ್ಕಿಂತ ಎಂದ ಅನ್ನೂದು ದೊಡ್ಡದು

ಪರದೆಯ ನಟ್ಟನಡುವ ಮ್ಯಾಕ್ಯುಲಾ ಅಂತ ಒಂದ ಸಣ್ಣ ಜಾಗಾ ಐತಿ. ಅಕ್ಷರ ಓದೂದು, ಮುಖ ಗುರ್ತ ಹಿಡಿಯೂದು, ಸೂಜಿಗೆ ದಾರ ಪೋಣಸೂದು ಎಲ್ಲಾ ಅದರಿಂದ. ನೆರಳು ಅಂಚಿನ್ಯಾಗ ಇದ್ದು ನಡುವಿನ ದೃಷ್ಟಿ ಇನ್ನೂ ಚಲೋ ಐತಿ ಅಂದ್ರ ಮ್ಯಾಕ್ಯುಲಾ ಕೂತೈತಿ ಅಂತ ಅರ್ಥ, ಅಂಥಾ ಕಣ್ಣಿಗೆ ಆದಷ್ಟ ಒಂದ ದಿನದಾಗ ಆಪರೇಶನ್ ಆಗಬೇಕು. ಮ್ಯಾಕ್ಯುಲಾ ಒಮ್ಮೆ ಎದ್ರ ಪರದೆ ಎಷ್ಟ ಚಂದ ಕೂಡಿಸಿದ್ರೂ ಮೊದಲಿನ ದೃಷ್ಟಿ ಪೂರಾ ಬರೂದು ಕಷ್ಟ. ಎದ್ದ ಮ್ಯಾಲೂ ಒಂದ ವಾರದೊಳಗ ಮಾಡಿದ್ರ ಚಲೋ ಅಂತ ಹಳೇ ಲೆಕ್ಕ, ಮೂರು ದಿನದೊಳಗ ಆದ್ರ ಇನ್ನೂ ಚಲೋ ಅನ್ನೂ ಕಡೆ ಈಚಿನ ಅಧ್ಯಯನ ವಾಲ್ಯಾವ. ತಿಂಗಳುಗಟ್ಟಲೆ ಬಿಟ್ರ ಪರದೆ ಮ್ಯಾಲ ಗಾಯದಂಥ ಪೊರೆ ಬೆಳದು ಮುದುಡತೈತಿ. ಆಪರೇಶನ್ ಫೇಲ್ ಆಗೂದಕ್ಕ ಎಲ್ಲಾಕ್ಕಿಂತ ದೊಡ್ಡ ಕಾರಣ ಅದ.

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಶಿಬಿರ ಹಾಕಿ ಲಕ್ಷಾಂತರ ಮಂದಿ ಮೋತಿಬಿಂದು ತಗದು ಬೆಳಕ ಕೊಟ್ಟ ಸೀಮಿ ಇದು. ಆ ಪುಣ್ಯಾತ್ಮರ ಶಿಬಿರದಿಂದ ಕಣ್ಣಿನ ಆಪರೇಶನ್ ಅಂದ್ರ ಅಂಜಿಕಿ ಹೋತು, ಆದ್ರ ಕಣ್ಣಿನ ಆಪರೇಶನ್ ಅಂದ್ರ ಸುಗ್ಗಿ ಮುಗಿದ ಮ್ಯಾಲ, ಶಿಬಿರ ಬಂದಾಗ ಮಾಡಸಿದ್ರ ಆತು ಅನ್ನೂ ರೂಢಿ ಮೋತಿಬಿಂದಿಗೆ ಸರಿ, ಪರದೆಗೆ ಅಲ್ಲ. ಮೋತಿಬಿಂದು ಆರು ತಿಂಗಳು ಕಾಯ್ತೈತಿ, ಪರದೆ ಆರು ದಿನಾನೂ ಕಾಯೂದಿಲ್ಲ. ತಾಲೂಕ ದವಾಖಾನ್ಯಾಗ ಈ ಆಪರೇಶನ್ ಆಗೂದಿಲ್ಲ, ಚಷ್ಮಾ ಅಂಗಡಿಯಾಗ ತಪಾಸ ಮಾಡಿದ್ರ ಗೊತ್ತಾಗೂದಿಲ್ಲ. ಫೋನ್ ಮಾಡಿ ರೆಟಿನಾ ಡಾಕ್ಟರ್ ಇವತ್ತ ಇರ್ತಾರಾ ಅಂತ ಕೇಳ್ಕೊಂಡು ನೇರ ಅಲ್ಲಿಗೆ ಹೋದ್ರ ಒಂದ ದಿನ ಉಳೀತೈತಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಾಗ ಮನಿಗೆ ವರ್ಷಕ್ಕ 5 ಲಕ್ಷದ ತನಕ ಐತಿ, ಎಪಿಎಲ್‌ನವರಿಗೆ ಪ್ಯಾಕೇಜಿನ 30%. ಅದೇ ಫೋನಿನ್ಯಾಗ ಕಾರ್ಡ್ ನಡೀತೈತಾ, ಸರ್ಕಾರಿ ದವಾಖಾನಿ ಚೀಟಿ ಬೇಕಾ ಅನ್ನೂದನ್ನೂ ಕೇಳ್ರಿ, ಚೀಟಿಗಂತ ಮತ್ತ ವಾಪಸ್ ಬರೂದರಾಗ ಎರಡ ದಿನ ಹೋಗ್ತಾವ.

ಇನ್ನೊಂದ ಕಣ್ಣು

ಒಂದ ಕಣ್ಣಿನ ಪರದೆ ಬಿಟ್ಟವರಿಗೆ ಇನ್ನೊಂದರಾಗೂ ಆಗೂ ಸಂಭವ ನೂರಕ್ಕ ಹತ್ತರ ಆಸುಪಾಸು. ಆಪರೇಶನ್ ಗಡಿಬಿಡಿಯಾಗ ಅದನ್ನ ಕೇಳೂದು ಮರತ ಹೋಗ್ತೈತಿ. ಆ ಕಣ್ಣಿಗೂ ಪಾಪೆ (ನಡುವಿನ ಕರಿ ಚುಕ್ಕಿ) ಹಿಗ್ಗಸೂ ಔಷಧ ಹಾಕಿಸಿ ಅಂಚಿನ ತನಕ ಪರದೆ ನೋಡಸ್ರಿ. ತೆಳುವಾದ ಜಾಗಾ, ಹೊಸಾ ಹರಕ ಸಿಕ್ರ, ನೀರು ಇಳಿಯೂ ಮುಂಚೆನ ಸುತ್ತಲೂ ಲೇಸರ್ ಹೊಡದು ಬೇಲಿ ಹಾಕಬೇಕಾ ಅಂತ ಡಾಕ್ಟರ್ ಹೇಳ್ತಾರ, ಅದಕ್ಕ ಕಾಲು ತಾಸು ಸಾಕು, ಬೆಲ್ಟೂ ಬ್ಯಾಡ ಗ್ಯಾಸೂ ಬ್ಯಾಡ. ಔಷಧ ಹಾಕಿದ ಮ್ಯಾಲ ನಾಕೈದು ತಾಸು ಸಮೀಪದ್ದು ಮಬ್ಬಾಗಿ ಬಿಸಲು ಕಣ್ಣಿಗೆ ಚುಚ್ಚತೈತಿ, ಅದಕ್ಕ ಆ ದಿನ ಗಾಡಿ ಹೊಡಿಯಾಕ ಇನ್ನೊಬ್ಬರನ್ನ ಕರ್ಕೊಂಡು ಹೋಗ್ರಿ.